ಕುದಿ ಇಳಿಯುವವರೆಗೆ

ಪೋರ್ಟಿಕೋದಲ್ಲಿ ಅಭಿರಾಮ ಜೀಪಿನ ರೇಡಿಯೇಟರ್ ಬಿಚ್ಚಿ, ಗೋಣಿಚೀಲದ ಮೇಲೆ ಮಲಗಿಸಿ, ಪೈಪಿನಿಂದ ನೀರು ಬಿಡುತ್ತಿದ್ದ. ನೀರು ತಗಡಿನ ಸಣ್ಣ ಸಂದುಗಳಲ್ಲಿ ನುಗ್ಗಿ ಆಚೆ ಬದಿಗೆ ಕಂದುಬಣ್ಣವಾಗಿ ಇಳಿಯುತ್ತಿತ್ತು. ಅದರ ಜೊತೆಗೆ ಒಣಹುಲ್ಲಿನ ಎಳೆ, ಯಾವುದೋ ಪತಂಗದ ರೆಕ್ಕೆ, ನುಗು ಜಲಾಶಯದ ಹಿನ್ನೀರಿನ ಅಂಚಿನ ಕೆಸರು. ಆ ಕೆಸರಿನ ವಾಸನೆ ಅಡುಗೆಮನೆಯ ಕಿಟಕಿಯವರೆಗೂ ಬಂದಾಗ ಹುರುಳಿಕಾಯಿ ಹೆಚ್ಚುತ್ತಿದ್ದ ತನ್ಮಯಿಯ ಕೈ ನಿಂತಿತು. ಎದೆಯಲ್ಲಿ ಏನೋ ಹಗುರಾಗಿ ಎದ್ದಂತಾಯಿತು. ಅದು ಸಂತೋಷ ಎಂದು ಗೊತ್ತಾದ ಕೂಡಲೇ ಅವಳು ತಿರುಗಿ ಬಾಗಿಲಿನತ್ತ ನೋಡಿದಳು. ಅತ್ತೆ ಗಿರಿಜಾಂಬಾ ನಡುಮನೆಯಲ್ಲಿ ಹೂ ಕಟ್ಟುತ್ತ ಕೂತಿದ್ದರು, ತಲೆಯೆತ್ತಿರಲಿಲ್ಲ. ಗಂಡ ಅಷ್ಟೊಂದು ಪಾಡು ಪಟ್ಟ ಜಾಗದ ವಾಸನೆಗೆ ಹೆಂಡತಿಯಾದವಳ ಎದೆ ಹೀಗೆ ಹಗುರಾಗಬಾರದು. ಅವಳು ಮತ್ತೆ ಹೆಚ್ಚತೊಡಗಿದಳು, ಪಲ್ಯಕ್ಕೆ ಬೇಕಾದ್ದಕ್ಕಿಂತ ಸಣ್ಣಗೆ, ಚಾಕು ಮಣೆಗೆ ಬಡಿಯುವ ಸದ್ದು ತನ್ನ ಕಿವಿಗೇ ಜೋರಾಗಿ ಕೇಳುವಂತೆ.

"ತನೂ, ಬಾ ಇಲ್ಲಿ. ನೋಡು ಎಷ್ಟು ಹೂಳು ತುಂಬ್ಕೊಂಡಿತ್ತು ಅಂತ," ಅಭಿರಾಮ ಕೂಗಿದ. ಕೈ ಒರೆಸಿಕೊಂಡು ಹೊರಗೆ ಹೋದಳು. ಅವನು ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ಎಂಜಿನಿಯರು. ವಾರವೆಲ್ಲ ಇಸ್ತ್ರಿ ಮಾಡಿದ ಅಂಗಿ, ಭಾನುವಾರ ಮಾತ್ರ ಈ ಹಳೆಯ ಡೀಸೆಲ್ ಜೀಪು, ಮೊಣಕಾಲಿನವರೆಗೆ ಗ್ರೀಸು. ಇವತ್ತು ಅವನ ಮುಖದಲ್ಲಿ ಎಂದಿನ ಆಟದ ಖುಷಿ ಇರಲಿಲ್ಲ. ಹರಕೆ ತೀರಿಸುವವನ ಶ್ರದ್ಧೆ ಇತ್ತು. "ಗಾಳಿ ಆಡೋಕೆ ಜಾಗಾನೇ ಇರ್ಲಿಲ್ಲ. ಮೇಲೆ ನಾನು ಬೋರ್‌ವೆಲ್ ನೀರು ಹಾಕ್ಕೊಂಡೇ ಓಡಿಸಿದ್ದೆ, ಒಳಗೆಲ್ಲಾ ಸುಣ್ಣ ಕಟ್ಟಿದೆ. ಬೆಲ್ಟು ಸಡಿಲ. ಕುದೀದೆ ಇನ್ನೇನಾಗತ್ತೆ? ಎಲ್ಲಾ ನನ್ನ ತಪ್ಪು ಕಣೇ. ಇನ್ಮೇಲೆ ನಿನ್ನನ್ನ ಅಲ್ಲಿ ಒಬ್ಳನ್ನೇ ಬಿಟ್ಟು ಹೋಗೋ ಗತಿ ಯಾವತ್ತೂ ಬರಲ್ಲ, ನೋಡ್ತಿರು." ಅವಳು ಹೂಂ ಎಂದಳು. ಅವನು ಇನ್ನೂ ಏನನ್ನೋ ಕಾಯುತ್ತಿದ್ದಾನೆ ಅನ್ನಿಸಿ, "ಪಾಪ, ಎಷ್ಟು ಕೆಲಸ ನಿಮಗೆ" ಎಂದೂ ಸೇರಿಸಿದಳು. ಅವನ ಮುಖ ಅರಳಿತು.

ಕುವೆಂಪುನಗರದ ಕ್ಲಿನಿಕ್ಕಿನಲ್ಲಿ ಕಿವಿ ಪರೀಕ್ಷೆ ಮಾಡುವುದು ಅವಳ ಕೆಲಸ. ಗಾಜಿನ ಆಚೆ ಸದ್ದಿಲ್ಲದ ಪುಟ್ಟ ಕೋಣೆಯಲ್ಲಿ ಹೆಡ್‌ಫೋನು ಹಾಕಿಕೊಂಡು ಕೂತವರು, ಕೂ ಎಂಬ ಸಣ್ಣ ದನಿ ಕೇಳಿದಾಗಲೆಲ್ಲ ಬೆರಳೆತ್ತಬೇಕು. ಕೆಲವರು ಕೇಳದಿದ್ದರೂ ಎತ್ತುತ್ತಾರೆ. ವಯಸ್ಸಾದ ಹೆಂಗಸರು ಹೆಚ್ಚಾಗಿ. ಗಾಜಿನ ಈಚೆ ಕೂತವಳಿಗೆ ಬೇಸರವಾದೀತೆಂದು, ಇಷ್ಟು ಹೊತ್ತಾಯಿತಲ್ಲ, ಈಗೊಂದು ಸದ್ದು ಬಂದೇ ಇರಬೇಕೆಂದು ಅಂದಾಜು ಮಾಡಿ, ನಗುತ್ತ ಬೆರಳೆತ್ತುತ್ತಾರೆ. ಅಂಥವರನ್ನು ಕಂಡರೆ ತನ್ಮಯಿಗೆ ಮೊದಲೆಲ್ಲ ಕನಿಕರವಾಗುತ್ತಿತ್ತು. ಈಚೆಗೆ ಸಿಟ್ಟು ಬರುತ್ತದೆ. ಮೊನ್ನೆ ಪುಟ್ಟಬಸಮ್ಮ ಎಂಬ ಅಜ್ಜಿಗೆ, "ಕೇಳಿದ್ರೆ ಮಾತ್ರ ಎತ್ತಿ ಅಜ್ಜಿ, ಸುಮ್ಸುಮ್ನೆ ಎತ್ತಬೇಡಿ" ಎಂದು ಗದರಿದಂತೆ ಹೇಳಿ, ಆ ಮುದುಕಿ ಬೆರಳನ್ನು ಸೆರಗಿನೊಳಗೆ ಮುಚ್ಚಿಕೊಂಡದ್ದು ನೋಡಿ ದಿನವಿಡೀ ಊಟ ಸೇರಿರಲಿಲ್ಲ.

ಅಭಿರಾಮ ಒಳಗೆ ಬಂದು ಒಂದು ಪಾತ್ರೆ ಕೇಳಿದ. ಥರ್ಮೋಸ್ಟಾಟ್ ಎಂಬ ಹಿತ್ತಾಳೆಯ ಪುಟ್ಟ ಬಿಲ್ಲೆ ಅವನ ಅಂಗೈಯಲ್ಲಿತ್ತು. ಎಂಜಿನ್ನಿನ ನೀರು ಕಾದಾಗ ತಾನಾಗಿ ಬಾಯಿ ತೆರೆದು ಅದನ್ನು ರೇಡಿಯೇಟರಿಗೆ ಹರಿಯಬಿಡುವ ಬಾಗಿಲು ಅದು. ಬಿಸಿನೀರಿಗೆ ಹಾಕಿ ತೆರೆಯುತ್ತದೋ ಇಲ್ಲವೋ ನೋಡಬೇಕೆಂದ. ಕೈಗೆ ಸಿಕ್ಕ ಪಾತ್ರೆಯಲ್ಲಿ ನೀರಿಟ್ಟಳು. ಇಬ್ಬರೂ ಒಲೆಯ ಮುಂದೆ ತಲೆ ತಗ್ಗಿಸಿ ನಿಂತರು. ತಳದಲ್ಲಿ ಮುತ್ತಿನಂಥ ಗುಳ್ಳೆಗಳು, ಆಮೇಲೆ ಸರಸರ ಏಳುವ ಗುಳ್ಳೆಗಳು, ಆಮೇಲೆ ಮಳಮಳ ಕುದಿ. ಅವಳಿಗೆ ಆ ಸದ್ದು ಗುರುತು ಹತ್ತಿತು. ಅವತ್ತು ಜೀಪು ಹಿನ್ನೀರಿನ ಮರಳಿನಲ್ಲಿ ಏದುತ್ತಿದ್ದಾಗ ಡ್ಯಾಶ್‌ಬೋರ್ಡಿನ ಆಚೆಯಿಂದ ಇದೇ ಸದ್ದು ಬಂದಿತ್ತು. "ಏನೋ ಕುದೀತಿದೆ ಕಣ್ರೀ" ಎಂದಿದ್ದಳು. "ಅದು ಗೇರಿನ ಸದ್ದು, ನಿನಗೆ ಗೊತ್ತಾಗಲ್ಲ" ಎಂದು ಅವನು ಆಕ್ಸಿಲರೇಟರ್ ಒತ್ತಿದ್ದ. ಈಗ ಅದನ್ನು ಅವನು ಮರೆತಿದ್ದಾನೆ. ಮರೆತದ್ದು ಮೋಸದಿಂದಲ್ಲ, ನಿಜವಾಗಿಯೂ ಮರೆತಿದ್ದಾನೆ. "ನೋಡು, ಇಷ್ಟು ಕುದಿದ್ರೂ ಬಾಯಿ ಬಿಡ್ತಿಲ್ಲ. ಇದೇ ಕಳ್ಳ," ಎಂದು ಅವನು ಇಕ್ಕಳದಲ್ಲಿ ಬಿಲ್ಲೆಯನ್ನೆತ್ತಿ ಗೆದ್ದವನಂತೆ ಹೊರಗೆ ಓಡಿದ. ಅಷ್ಟರಲ್ಲಿ ಗಿರಿಜಾಂಬಾ ಬಾಗಿಲಲ್ಲಿ ನಿಂತಿದ್ದರು. "ಹಾಲು ಕಾಯಿಸೋ ಪಾತ್ರೇಲಿ ಗಾಡಿ ಸಾಮಾನು ಬೇಯಿಸ್ತೀರೇನಮ್ಮ? ಅವನು ಕೇಳಿದ ಅಂತ ನೀನೂ ಕೊಡೋದೇ?" ಎಂದರು, ಮಗ ಹೊರಗೆ ಹೋದಮೇಲೆ. ಅವರ ದನಿ ಎಂದೂ ಏರುತ್ತಿರಲಿಲ್ಲ. ಅರಮನೆಯ ಪಂಡಿತರ ಮನೆಯಲ್ಲಿ ಹುಟ್ಟಿದವರು, ಮೆಲ್ಲಗೇ ಹೇಳುತ್ತಿದ್ದರು. ತನ್ಮಯಿ ಪಾತ್ರೆಯನ್ನು ಹುಣಸೆಹಣ್ಣು ಹಾಕಿ ತಿಕ್ಕಿದಳು. ಕೈ ಕೆಂಪಾಗುವವರೆಗೂ ತಿಕ್ಕಿದಳು. ಮೂವತ್ತನಾಲ್ಕು ವರ್ಷದ ಹೆಂಗಸು ಒಂದು ಹಾಲಿನ ಪಾತ್ರೆಗಾಗಿ ಕಣ್ಣೀರು ತಂದುಕೊಳ್ಳುವುದೇ ಎಂದು ತನ್ನನ್ನೇ ಬೈದುಕೊಂಡಳು.

ಪಕ್ಕದ ಮನೆಯ ಸುಮಿತ್ರಮ್ಮ ಕರಿಬೇವಿಗೆಂದು ಬಂದವರು ಜಗುಲಿಯಲ್ಲಿ ಕೂತರು. ಹರಡಿಕೊಂಡ ಸಾಮಾನು ನೋಡಿ ಏನೆಂದು ಕೇಳಿದರು. ಅಷ್ಟೇ ಸಾಕಾಗಿತ್ತು. ಗಿರಿಜಾಂಬಾ ಕಥೆ ಶುರುಮಾಡಿದರು. ಶಿವರಾತ್ರಿ ಕಳೆದಮೇಲೆ ಇದನ್ನು ಅವರು ಎಷ್ಟು ಜನಕ್ಕೆ ಹೇಳಿದ್ದರೋ. ಹೇಳಿ ಹೇಳಿ ಅದಕ್ಕೆ ಹರಿಕಥೆಯ ಲಯ ಬಂದಿತ್ತು. "ನಟ್ಟನಡು ಕಾಡು ಕಣ್ರೀ, ಸರಗೂರಿನಾಚೆ. ಗಾಡಿ ಕುದಿದು ನಿಂತುಹೋಯ್ತು. ಫೋನು ಸಿಗಲ್ಲ. ಇವನು ಆ ಉರಿಬಿಸಿಲಲ್ಲಿ ನೀರು ಹುಡುಕ್ಕೊಂಡು ನಡೆದ. ಕಾಲೆಲ್ಲಾ ಬೊಬ್ಬೆ. ಇವಳೊಬ್ಳೇ ಗಾಡೀಲಿ. ಆನೆ ಓಡಾಡೋ ಜಾಗ! ಸಾಲದ್ದಕ್ಕೆ ಕೋತಿಗಳು ಬಂದು ಕಟ್ಕೊಂಡು ಹೋಗಿದ್ದ ಚಿತ್ರಾನ್ನಾನೂ ತಿಂದುಹೋದ್ವು. ಇವನು ಎರಡು ಕೈಲೂ ಕ್ಯಾನು ಹಿಡ್ಕೊಂಡು ಬಂದಾಗ ಈ ಹುಡುಗಿ ಅವನನ್ನ ನೋಡಿ ಗಳಗಳ ಅತ್ತುಬಿಟ್ಟಳಂತೆ. ಹೆದರಿ ಬಿಳಿಚ್ಕೊಂಡಿದ್ಲಂತೆ, ಪಾಪ." ಸುಮಿತ್ರಮ್ಮ ತನ್ಮಯಿಯ ಗಲ್ಲ ಮುಟ್ಟಿ, "ಅಯ್ಯೋ ಕಂದಾ, ಎಂಥಾ ಗಂಡನ್ನ ಪಡೆದಿದ್ದೀಯೆ" ಎಂದರು. ತನ್ಮಯಿ ತಲೆ ಬಗ್ಗಿಸಿ ನಕ್ಕಳು. ಕಥೆಯಲ್ಲಿ ಅವಳ ಪಾತ್ರ ಅದೇ ಆಗಿತ್ತು, ಕೊನೆಯಲ್ಲಿ ತಲೆ ಬಗ್ಗಿಸಿ ನಗುವುದು.

ಅತ್ತದ್ದು ಸುಳ್ಳಲ್ಲ. ಅದೇ ಅವಳನ್ನು ಈಗ ನಿದ್ದೆಗೆಡಿಸುತ್ತಿದ್ದುದು. ಅವನು ಕ್ಯಾನು ಹಿಡಿದು ದಿಬ್ಬದ ತಿರುವಿನಲ್ಲಿ ಮರೆಯಾದಾಗ ಅವಳಿಗೆ ನಿಜಕ್ಕೂ ಭಯವಾಗಿತ್ತು. ಬಾಗಿಲು ಹಾಕಿಕೊಂಡು, ಗಾಜು ಏರಿಸಿ, ಬೆವರುತ್ತ ಕೂತಿದ್ದಳು. ಮುಚ್ಚಿದ ಬಾನೆಟ್ಟಿನ ಕೆಳಗೆ ಲೋಹ ತಣಿಯುತ್ತ ಟಿಕ್ ಟಿಕ್ ಎನ್ನುತ್ತಿತ್ತು. ಆಮೇಲೆ ಆ ಟಿಕ್ ಟಿಕ್ ನಿಂತಿತು. ಅದು ನಿಂತಮೇಲೆ ಕೇಳಿದ್ದು ಏನೆಂದು ಅವಳಿಗೆ ಇವತ್ತಿಗೂ ಹೇಳಲು ಬಾರದು. ಕ್ಲಿನಿಕ್ಕಿನ ಕೋಣೆಯ ಮೌನ ಅವಳಿಗೆ ಗೊತ್ತು, ಅದು ಹತ್ತಿ ತುರುಕಿದ ಮೌನ. ಇದು ಹಾಗಲ್ಲ. ದೂರದಲ್ಲಿ ನೀರಿನ ಮೇಲೆ ಹಕ್ಕಿಯೊಂದು ಇಳಿದರೆ ಕೇಳುತ್ತಿತ್ತು, ಹುಲ್ಲು ಹುಲ್ಲಿಗೆ ತಾಗಿದರೆ ಕೇಳುತ್ತಿತ್ತು, ಯಾರೂ ಅವಳನ್ನು ಏನೂ ಕೇಳುತ್ತಿರಲಿಲ್ಲ. ಬಾಗಿಲು ತೆರೆದು ಇಳಿದಳು. ಹೊತ್ತು ಹೇಗೆ ಹೋಯಿತೋ. ನಡುವೆ ಹಸಿವಾಯಿತು, ಡಬ್ಬಿ ತೆಗೆದು ತನ್ನ ಪಾಲಿನ ಚಿತ್ರಾನ್ನ ತಿಂದಳು, ಕೈ ನಿಲ್ಲದೆ ಅವನ ಪಾಲನ್ನೂ ತಿಂದಳು. ತಿನ್ನುವಾಗ ಅವನ ನೆನಪೇ ಬರಲಿಲ್ಲ. ಮದುವೆಯಾಗಿ ಒಂಬತ್ತು ವರ್ಷದಲ್ಲಿ ಮೊದಲನೇ ಸಲ, ತಾನು ಯಾರು ಎಂಬುದೂ ಅಷ್ಟು ಮುಖ್ಯವಲ್ಲ ಅನ್ನಿಸಿತ್ತು. ದಿಬ್ಬದ ಮೇಲೆ ಅವನ ತಲೆ ಕಾಣಿಸಿಕೊಂಡಾಗ, ಆಮೇಲೆ ಭುಜ, ಆಮೇಲೆ ಎರಡು ಕೈಯ ಕ್ಯಾನುಗಳು, ಅವಳೊಳಗೆ ಏನೋ ಕುಸಿಯಿತು. ಬಂದುಬಿಟ್ಟರಲ್ಲ. ಅಷ್ಟೇ ಹೊಳೆದದ್ದು. ಅದರ ಹಿಂದೆಯೇ ಅಳು ಒತ್ತರಿಸಿ ಬಂತು. ಅವನು ಕ್ಯಾನು ಬಿಸುಟು ಓಡಿಬಂದು ಅಪ್ಪಿಕೊಂಡ. "ಹೆದರ್ಬೇಡ, ಬಂದೆ, ಬಂದೆ" ಎಂದ. ಅವನ ತುಟಿ ಒಡೆದಿತ್ತು, ಅಂಗಿ ಉಪ್ಪು ಕಟ್ಟಿತ್ತು. ಡಬ್ಬಿ ತೆರೆದು ನೋಡಿದಾಗ, "ಕೋತಿ ಬಂದಿದ್ವು" ಎಂದಳು. ಅವನು ಅದನ್ನೂ ನಂಬಿದ. ಖಾಲಿ ಡಬ್ಬಿ ಮುಚ್ಚಿ, "ಹೋಗ್ಲಿ ಬಿಡು, ನಿನಗೇನೂ ಮಾಡ್ಲಿಲ್ವಲ್ಲ" ಎಂದ.

ಕೆಟ್ಟ ಗಂಡನಾಗಿದ್ದರೆ ಎಷ್ಟು ಸಲೀಸಿತ್ತು ಎಂದು ಅವಳಿಗೆ ಅನ್ನಿಸುವುದುಂಟು. ಹೊಡೆಯುವ, ಕುಡಿಯುವ, ಮಾತಿಗೆ ತಪ್ಪುವ ಗಂಡನಾಗಿದ್ದರೆ ಆ ಹಿನ್ನೀರಿನ ಮಧ್ಯಾಹ್ನಕ್ಕೊಂದು ಕಾರಣ ಸಿಗುತ್ತಿತ್ತು. ಇವನು ಅವಳ ಮೊಬೈಲು ಚಾರ್ಜಿಗೆ ಹಾಕಿಡುವವನು. ಇವತ್ತು ಜೀಪಿನ ಹಿಂಬದಿಯಲ್ಲಿ ಅವಳಿಗಾಗಿ ಅವನು ಜೋಡಿಸಿಡುತ್ತಿದ್ದುದನ್ನು ನೋಡಬೇಕಿತ್ತು. ಬದಲಿ ಬೆಲ್ಟು, ಬದಲಿ ಹೋಸ್ ಪೈಪು, ಅದನ್ನು ಬಿಗಿಯುವ ಕ್ಲಿಪ್ಪುಗಳು, ನೀರಿನ ಕ್ಯಾನುಗಳನ್ನು ಅಲುಗಾಡದಂತೆ ಕಟ್ಟಿದ ಪಟ್ಟಿ, ಎಳೆಯುವ ಹಗ್ಗ, ಟಾರ್ಚು, ಸೀಟಿಯೊಂದು. ಸೀಟಿಯನ್ನು ಅವಳ ಕೈಗಿಟ್ಟು, "ಇದು ನಿನ್ನ ಹತ್ರಾನೇ ಇರ್ಲಿ" ಎಂದ. ಊದಿ ನೋಡು ಎಂದ. ಊದಿದಳು. ರಾಮಕೃಷ್ಣನಗರದ ಬೀದಿನಾಯಿಯೊಂದು ತಲೆಯೆತ್ತಿ ನೋಡಿತು. ಪ್ರತಿಯೊಂದು ಸಾಮಾನೂ ಪೆಟ್ಟಿಗೆ ಸೇರಿದಂತೆ ಅವಳ ಉಸಿರು ಇಷ್ಟಿಷ್ಟೇ ಗಿಡ್ಡವಾಗುತ್ತಿತ್ತು. ಮುಂದಿನ ಭಾನುವಾರ ಅದೇ ದಾರಿಯಲ್ಲಿ ಮತ್ತೆ ಹೋಗುವುದೆಂದು ನಿಶ್ಚಯವಾಗಿತ್ತು. ಈ ಸಲ ಗೆಳೆಯ ಸಂಜಯ್‌ನ ಜೀಪೂ ಜೊತೆಗೆ. ಏನೂ ಕೆಡುವುದಿಲ್ಲ, ಎಲ್ಲೂ ನಿಲ್ಲುವುದಿಲ್ಲ. ಆ ದಿಬ್ಬದ ಹತ್ತಿರ ಇಳಿದು ಫೋಟೋ ತೆಗೆದುಕೊಳ್ಳಬೇಕೆಂದು ಅಭಿರಾಮನ ಆಸೆ.

ಸಂಜಯ್ ಬಂದದ್ದು ಹೊತ್ತೇರಿದ ಮೇಲೆ. ಬೋಗಾದಿಯವನು; ಅಪ್ಪನ ಹೊಲವೆಲ್ಲ ಬಡಾವಣೆಯಾದಮೇಲೆ ಅಲ್ಲೇ ಟೈರಿನ ಅಂಗಡಿ ಇಟ್ಟಿದ್ದ. ದೊಡ್ಡ ದನಿ, ದೊಡ್ಡ ನಗು. "ಏನ್ ಮಗಾ, ಆಪರೇಸನ್ನೇ ಮಾಡ್ಬುಟ್ಟಿದ್ದೀಯಲ್ಲ! ಅತ್ಗೇ, ಇವ್ನು ನಿಮ್ ಕೈಗೆ ಸೀಟಿ ಬೇರೆ ಕೊಟ್ಟವ್ನಾ? ಆನೆಗೆ ಊದಾಕಾ?" ಎಂದು ನಕ್ಕ. ತನ್ಮಯಿಗೂ ನಗು ಬಂತು, ಬೆಳಗಿನಿಂದ ಮೊದಲನೇ ಸಲ. ಗಂಡಸರಿಬ್ಬರೂ ಸೇರಿ ರೇಡಿಯೇಟರ್ ಕೂರಿಸಿದರು, ಹೊಸ ಥರ್ಮೋಸ್ಟಾಟ್ ಹಾಕಿದರು, ಬೆಲ್ಟು ಬಿಗಿದರು. ಎಂಜಿನ್ ತಣಿಸುವ ಹಸಿರು ಬಣ್ಣದ ಕೂಲೆಂಟು ಹೊಯ್ಯುವಾಗ ಅವಳು ಕೊಳವೆ ಹಿಡಿದುಕೊಂಡು ನಿಂತಳು. ಎಂಜಿನ್ ಶುರುಮಾಡಿದರು. "ಮುಚ್ಚಳ ತಗ್ದೇ ಇರ್ಲಿ," ಎಂದ ಸಂಜಯ್. "ಒಳಗೆ ಗಾಳಿ ಸಿಕ್ಕಾಕ್ಕೊಂಡಿರ್ತದೆ. ಗುಳ್ಳೆ ಬಂದು ಬಂದು ನಿಲ್ಬೇಕು, ಆಮ್ಯಾಕೆ ಇನ್ನೊಂದಿಷ್ಟು ಉಯ್ದು ಮುಚ್ಚದು." ಮೂವರೂ ಬಗ್ಗಿ ನೋಡುತ್ತಿದ್ದರು. ಹಸಿರು ನೀರಿನಿಂದ ಆಗೊಂದು ಈಗೊಂದು ಗುಳ್ಳೆ ಗುಳುಕ್ ಎನ್ನುತ್ತಿತ್ತು. ಒಳಗಿನಿಂದ ಗಿರಿಜಾಂಬಾ, "ಎಲೆ ಹಾಕಿದೆ, ಎಲ್ಲಾ ಆರ್ತಿದೆ, ಏಳ್ರಪ್ಪಾ" ಎಂದು ಕರೆದರು. ಮತ್ತೊಮ್ಮೆ ಕರೆದರು. ತನ್ಮಯಿ, "ಇನ್ನೂ ಗುಳ್ಳೆ ಬರ್ತಿದೆ, ಸದ್ದು ಕೇಳ್ತಿದೆ" ಎಂದಳು. "ಸಾಕು ಬಿಡು, ಅಮ್ಮ ಕಾಯ್ತಿದಾರೆ" ಎಂದು ಅಭಿರಾಮ ಮುಚ್ಚಳ ತಿರುಗಿಸಿ ಬಿಗಿದುಬಿಟ್ಟ. ಸಂಜಯ್ ಭುಜ ಕುಣಿಸಿದ. ಊಟ ಮುಗಿಸಿ ಹೊರಡುವಾಗ ಮಾತ್ರ, "ಸುಮ್ಕೆ ನುಗು ಕಡೆ ಒಂಟೋಗ್ಬ್ಯಾಡ. ಇವತ್ತೇ ಒಂದ್ಸಲ ಬೆಟ್ಟ ಅತ್ತಿಸಿ ನೋಡು, ಸೆಕೆಂಡ್ ಗೇರಲ್ಲಿ. ಅಲ್ಲಿ ಬಿಸಿ ತೋರ್ಸೋ ಸೂಜಿ ಏರ್ನಿಲ್ಲ ಅಂದ್ರೆ ಎಲ್ಲೂ ಏರಕ್ಕಿಲ್ಲ" ಎಂದು ಹೇಳಿಹೋದ.

ಬಿಸಿಲು ಓರೆಯಾಗುವ ಹೊತ್ತಿಗೆ ಇಬ್ಬರೂ ಹೊರಟರು. ಗೇಟಿನ ಹತ್ತಿರ ತನ್ಮಯಿ, "ನಾನು ಓಡಿಸ್ತೀನಿ" ಎಂದಳು. ಹೇಳಿದಮೇಲೆ ತನಗೇ ಆಶ್ಚರ್ಯವಾಯಿತು. ಕ್ಲಿನಿಕ್ಕಿಗೆ ಸ್ಕೂಟರಿನಲ್ಲಿ ಹೋಗುವವಳು; ಜೀಪನ್ನು ಅವನು ಕಲಿಸಿದ್ದ, ಆದರೆ ಬಡಾವಣೆಯ ಖಾಲಿ ರಸ್ತೆಗಳಲ್ಲಿ ಮಾತ್ರ. ಅವನು ಒಂದು ಗಳಿಗೆ ಅನುಮಾನಿಸಿ, ಆಮೇಲೆ ಇದೂ ಒಂದು ಒಳ್ಳೆಯ ಸೂಚನೆಯೆಂಬಂತೆ ಖುಷಿಯಿಂದ ಕೀಲಿಕೈ ಕೊಟ್ಟ. ದಾರಿಯುದ್ದಕ್ಕೂ ಹೇಳುತ್ತಲೇ ಇದ್ದ: ಈಗ ಗೇರು ಬದಲಾಯಿಸು, ಎಡಕ್ಕೆ ಆಟೋ ಇದೆ, ಕ್ಲಚ್ಚಿನ ಮೇಲೆ ಕಾಲಿಡಬೇಡ. ಊರಂಚಿನ ಬೆಟ್ಟದ ಏರು ಶುರುವಾದಾಗ ಅವಳು ಎರಡನೇ ಗೇರಿಗೆ ಹಾಕಿದಳು. ಭಾನುವಾರದ ಜನ, ಮುಂದೆ ಪ್ರವಾಸಿಗರ ವ್ಯಾನು, ಹಿಂದೆ ಬಸ್ಸು. ಅವನ ಕಣ್ಣು ಸೂಜಿಯ ಮೇಲಿತ್ತು. ಅವಳು ಸೂಜಿಯನ್ನು ನೋಡುತ್ತಿರಲಿಲ್ಲ, ಕಿವಿ ಕೊಟ್ಟಿದ್ದಳು. ನಗರ ಮರಗಳ ಸಂದಿಯಲ್ಲಿ ಕೆಳಗೆ ಕೆಳಗೆ ಜಾರುತ್ತಿದ್ದಂತೆ ಎಂಜಿನ್ನಿನ ಗೊಗ್ಗರು ದನಿಯ ಅಡಿಯಿಂದ ಆ ಇನ್ನೊಂದು ದನಿ, ಸಣ್ಣಗೆ, ಗುಳುಗುಳು ಎಂದು ಏಳತೊಡಗಿತು. ಹೇಳಲೇ ಎಂದುಕೊಂಡಳು. ನಾಲಿಗೆಯ ತುದಿಗೆ ಬಂದದ್ದು ಅಲ್ಲೇ ನಿಂತಿತು. ನಿನಗೆ ಗೊತ್ತಾಗಲ್ಲ ಎಂದಾನು. ಆಮೇಲೆ, ಅಂದರೆ ಅನ್ನಲಿ ಎನ್ನಿಸಿತು. "ಕುದೀತಿದೆ" ಎಂದಳು. ಅಭಿರಾಮ ಬಗ್ಗಿದ. ಸೂಜಿ ನಡುವನ್ನು ದಾಟಿ ಕೆಂಪಿನ ಕಡೆ ತೆವಳುತ್ತಿತ್ತು. ಅವನ ಮುಖ ಒಮ್ಮೆಲೇ ರಕ್ತವಿಲ್ಲದಂತಾಯಿತು. "ನಿಲ್ಸು! ನಿಲ್ಸು ತನೂ!"

ನಗರವೆಲ್ಲ ಕಾಣುವ ತಿರುವಿನಲ್ಲಿ ಅವಳು ಜೀಪನ್ನು ಬದಿಗೆ ತಂದು ನಿಲ್ಲಿಸಿದಳು. ಅವನು ಹಾರಿ ಇಳಿದು ಬಾನೆಟ್ಟು ಎತ್ತಿದ, ಬಟ್ಟೆ ಸುತ್ತಿ ಮುಚ್ಚಳಕ್ಕೆ ಕೈಹಾಕಿದ. "ಬೇಡ. ಈಗ ತೆಗೆದ್ರೆ ಮುಖಕ್ಕೆ ಹಾರತ್ತೆ. ತಣೀಲಿ," ಎಂದಳು ತನ್ಮಯಿ. ಈ ಮಾತನ್ನು ಅವನೇ ಅವಳಿಗೆ ಹೇಳಿಕೊಟ್ಟಿದ್ದ. ಅವನು ಕೈ ತೆಗೆದ. ಆಚೀಚೆ ನಡೆದ, ಮತ್ತೆ ಬಂದು ನೋಡಿದ. ಜೋಳ ಸುಡುತ್ತಿದ್ದವನೊಬ್ಬ, "ಏನ್ ಸಾರ್, ಬಿಸಿ ಆಗೋಯ್ತಾ?" ಎಂದ. ಸೆಲ್ಫಿ ತೆಗೆಯುತ್ತಿದ್ದ ಹುಡುಗಿಯರು ನಕ್ಕರು. ಜೀಪಿಗಲ್ಲ, ತಮ್ಮ ಮಾತಿಗೆ, ಆದರೂ ಅಭಿರಾಮನ ಕಿವಿ ಕೆಂಪಾಯಿತು. "ಬೆಳಗಿಂದ ಮಾಡಿದ್ದೆಲ್ಲಾ ನೀರಲ್ಲಿ ಹೋಯ್ತು," ಎಂದ. "ಎಲ್ಲಾ ಸರಿ ಮಾಡಿದ್ದೆ. ನಿನಗೋಸ್ಕರಾನೇ ಕಣೇ ಮಾಡಿದ್ದು. ಅವತ್ತಿನ ಥರ ನೀನು ಇನ್ನೊಂದ್ಸಲ ಅಳೋ ಹಾಗಾಗ್ಬಾರ್ದು ಅಂತ..." ಅವನ ದನಿ ಒಡೆಯಿತು. ಅವನು ಅಳುವುದರಲ್ಲಿದ್ದ. ಜನರ ಎದುರಿಗೆ, ತೆರೆದ ಬಾನೆಟ್ಟಿನ ಮುಂದೆ, ಕೈಯಲ್ಲಿ ಗ್ರೀಸು ಬಟ್ಟೆ ಹಿಡಿದುಕೊಂಡು. ಅವನ ಆ ಮುಖ ನೋಡಲಾಗದೆ, ಅದನ್ನು ಹೇಗಾದರೂ ತಡೆಯಬೇಕೆಂಬ ಅವಸರದಲ್ಲಿ, ಇಷ್ಟು ದಿನ ಹಲ್ಲಿನ ಹಿಂದೆ ಹಿಡಿದಿಟ್ಟದ್ದು ಹೊರಗೆ ಬಂತು.

"ಅವತ್ತು ನನಗೆ ಹೆದರಿಕೆ ಆಗಿರ್ಲಿಲ್ಲ ಕಣ್ರೀ," ಎಂದಳು.

ಅವನು ನೋಡಿದ.

"ಮೊದಲು ಸ್ವಲ್ಪ ಹೊತ್ತು ಆಯ್ತು. ಆಮೇಲೆ ಇಲ್ಲ. ಚೆನ್ನಾಗಿತ್ತು. ತುಂಬಾ ಚೆನ್ನಾಗಿತ್ತು. ಕೋತಿ ಬಂದಿರ್ಲಿಲ್ಲ, ಚಿತ್ರಾನ್ನ ನಾನೇ ತಿಂದೆ."

"ಮತ್ತೆ ಅಳ್ತಿದ್ದೆಯಲ್ಲ? ನಾನು ಬಂದಾಗ?"

ಇಲ್ಲಿ ನಿಲ್ಲಿಸಬಹುದಿತ್ತು. ಸಮಾಧಾನಕ್ಕೆ ಅಂತ ಏನನ್ನಾದರೂ ಹೇಳಬಹುದಿತ್ತು, ಅವನು ಒಪ್ಪಿಕೊಳ್ಳುತ್ತಿದ್ದ. ಕೆಳಗೆ ಊರು ಬಿಸಿಲಿನಲ್ಲಿ ಬೆಳ್ಳಗೆ ಹರಡಿತ್ತು. ಅದರಲ್ಲಿ ತನ್ನ ಮನೆ ಯಾವುದೆಂದು ಅವಳಿಗೆ ಗುರುತು ಹತ್ತಲಿಲ್ಲ. "ನೀವು ಬಂದ್ರಲ್ಲ ಅಂತ ಅಳು ಬಂತು," ಎಂದಳು. ಅದು ಎರಡು ರೀತಿಯಲ್ಲೂ ಕೇಳಿಸಬಹುದೆಂದು ಹೊಳೆದು, ಇನ್ನೂ ಮೆಲ್ಲಗೆ, "ಇನ್ನೂ ಸ್ವಲ್ಪ ಹೊತ್ತು ಬರ್ದೇ ಇರ್ಬೇಕಿತ್ತು ಅಂತ," ಎಂದು ಸೇರಿಸಿದಳು.

ಅಭಿರಾಮ ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಅವನು ಕೈಯ ಬಟ್ಟೆಯನ್ನು ಅಂಚಿಗೆ ಅಂಚು ಸೇರಿಸಿ ಮಡಿಸಿದ, ಬ್ಯಾಟರಿಯ ಮೇಲಿಟ್ಟ. ಆಮೇಲೆ, "ನೀರು ತರ್ತೀನಿ" ಎಂದ. "ಹಿಂದೆ ಕ್ಯಾನು ತುಂಬಾ ನೀರಿದೆಯಲ್ರೀ" ಎಂದಳು. "ಗೊತ್ತು," ಎಂದ. ಹಾಗೆಂದವನು ತಿರುಗಿ ಇಳಿಜಾರಿನ ಕಡೆ ನಡೆದ. ಬರಿಗೈಯಲ್ಲೇ ನಡೆದ. ಒಮ್ಮೆಯೂ ಹಿಂದೆ ನೋಡಲಿಲ್ಲ. ರಸ್ತೆ ತಿರುಗುವಲ್ಲಿ ಮೊದಲು ಅವನ ಕಾಲು, ಆಮೇಲೆ ಬೆನ್ನು, ಆಮೇಲೆ ತಲೆ ಮರೆಯಾಯಿತು.

ಅವಳು ನಿಂತೇ ಇದ್ದಳು. ಈಗ ಒಬ್ಬಳೇ ಆಗಿದ್ದಳು, ಬೇಕೆಂದದ್ದು ಇದೇ ಅಲ್ಲವೇ ಎಂದು ಕೇಳಿಕೊಂಡಳು. ಬಸ್ಸು ಹೊಗೆ ಕಾರುತ್ತ ಹೋಯಿತು. ಜೋಳದವನು ಬೀಸಣಿಗೆ ಬೀಸುತ್ತಿದ್ದ. ಅವತ್ತಿನ ಹಗುರ ಎಲ್ಲೂ ಇರಲಿಲ್ಲ. ಏನು ಮಾಡಿಬಿಟ್ಟೆ. ಅವನ ಕಾಲ ಬೊಬ್ಬೆ ಒಡೆದು ನೀರು ಸೋರಿದ್ದಕ್ಕೆ ತಾನೇ ಮುಲಾಮು ಹಚ್ಚಿದ್ದಳು; ಆಗಲೂ ಅವನು ಕಾಲು ಎಳೆದುಕೊಂಡು, ನಿನ್ನ ಕೈಗೆ ಅಂಟುತ್ತೆ ಬಿಡು ಎಂದಿದ್ದ. ನಿಜ ಹೇಳಿದರೆ ಹಗುರಾಗುತ್ತದೆ ಎನ್ನುತ್ತಾರೆ. ಅವಳಿಗೆ ಹಗುರಾಗಿರಲಿಲ್ಲ. ಆದರೆ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಎಷ್ಟು ಹುಡುಕಿದರೂ ಅನ್ನಿಸಲಿಲ್ಲ, ಅದು ಇನ್ನೂ ಹೆದರಿಕೆ ಹುಟ್ಟಿಸಿತು. ಸುಮ್ಮನೆ ನಿಲ್ಲಲಾಗದೆ ಬಾನೆಟ್ಟಿನ ಹತ್ತಿರ ಹೋದಳು. ಅಂಗೈಯನ್ನು ರೇಡಿಯೇಟರಿನ ಮೇಲ್ಭಾಗಕ್ಕೆ ಹಿಡಿದು ನೋಡಿದಳು, ಬಿಸಿ. ಕಾದಳು. ಮತ್ತೆ ನೋಡಿದಳು. ಕೈ ಇಡಬಹುದಾದಾಗ ಬಟ್ಟೆ ಸುತ್ತಿ ಮುಚ್ಚಳವನ್ನು ಇಷ್ಟೇ ತಿರುಗಿಸಿದಳು. ಉಸ್ಸೆಂದು ಉಸಿರು ಬಿಟ್ಟಿತು. ಆ ಉಸಿರು ಪೂರ್ತಿ ಹೋಗಲೆಂದು ಕಾದು, ಮುಚ್ಚಳ ತೆಗೆದು ಒಳಗೆ ನೋಡಿದಳು. ಹಸಿರು ನೀರು ಎಷ್ಟೋ ಕೆಳಗೆ ಇಳಿದುಹೋಗಿತ್ತು. ಮಧ್ಯಾಹ್ನ ಸಿಕ್ಕಿಕೊಂಡಿದ್ದ ಗಾಳಿ ಹೊರಗೆ ಬಂದಿತ್ತು, ಅದರ ಜಾಗ ಖಾಲಿಯಾಗಿತ್ತು, ಅಷ್ಟೇ. ಕ್ಯಾನು ಬಿಚ್ಚಿ ತಂದು ತುಂಬಿದಳು. ಎಂಜಿನ್ ಶುರುಮಾಡಿ, ಮುಚ್ಚಳ ತೆಗೆದೇ ಇಟ್ಟು, ಬಗ್ಗಿ ಕಿವಿ ಕೊಟ್ಟಳು. ಗುಳುಕ್. ಸ್ವಲ್ಪ ತಡೆದು ಮತ್ತೊಂದು. ಇಲ್ಲಿ ಊಟಕ್ಕೆ ಕರೆಯುವವರು ಯಾರೂ ಇರಲಿಲ್ಲ. ಕೊನೆಯ ಗುಳ್ಳೆಯೂ ಬಂದು ಹೋಗಿ ನೀರು ನಿಂತಮೇಲೆ ಇನ್ನಷ್ಟು ಹೊಯ್ದು ಮುಚ್ಚಳ ಬಿಗಿದಳು.

ಮೇಲೆ ಹತ್ತುವ ಮನಸ್ಸಾಗಲಿಲ್ಲ. ಜೀಪನ್ನು ತಿರುಗಿಸಿ ಇಳಿಯತೊಡಗಿದಳು. ಒಂದೆರಡು ತಿರುವು ಕಳೆದು ಅವನು ಕಂಡ. ರಸ್ತೆಯ ಅಂಚಿನಲ್ಲಿ ಕೈ ಬೀಸಿಕೊಂಡು ನಡೆಯುತ್ತಿದ್ದ. ಬೆನ್ನು ಯಾವನೋ ಅಪರಿಚಿತನದಂತೆ ಇತ್ತು. ಅದನ್ನು ಅವಳು ಹೀಗೆ ದೂರದಿಂದ, ಹಿಂದಿನಿಂದ, ಎಂದೂ ನೋಡಿರಲಿಲ್ಲ. ಪಕ್ಕಕ್ಕೆ ತಂದು ನಿಧಾನ ಮಾಡಿದಳು. "ಹತ್ತಿ" ಎಂದಳು. ಅವನು ನಡೆಯುತ್ತಲೇ ಸೂಜಿ ಎಲ್ಲಿದೆ ಎಂದು ಕೇಳಿದ. ನಡುವಿನಲ್ಲಿದೆ ಎಂದಳು, ಗಾಳಿ ಸಿಕ್ಕಿಕೊಂಡಿತ್ತು, ತೆಗೆದೆ ಎಂದಳು. ತಲೆಯಾಡಿಸಿದ. "ನೀನು ಹೋಗು. ಕೆಳಗಿರು. ನನಗೆ ಸ್ವಲ್ಪ ನಡೀಬೇಕು," ಎಂದ. ಹಿಂದಿನಿಂದ ಕಾರೊಂದು ಹಾರ್ನು ಬಾರಿಸಿತು. ಅವಳು ಅಲುಗಲಿಲ್ಲ. ಇನ್ನೊಂದು ಬಾರಿಸಿತು. "ಹೋಗೇ," ಎಂದ ಅಭಿರಾಮ, ಗದರಿಕೆಯಲ್ಲ, ಬೇಡಿಕೆಯಂತಿತ್ತು. ಅವನಿಗೂ ಯಾರೂ ನೋಡದ ಜಾಗ ಬೇಕಾಗಿದೆ ಎಂದು ಆಗ ಅವಳಿಗೆ ಅರ್ಥವಾಯಿತು. ಕನ್ನಡಿಯಲ್ಲಿ ಅವನು ಸಣ್ಣಗಾಗುತ್ತ ಹೋದ.

ಬೆಟ್ಟದ ಬುಡದಲ್ಲಿ, ಎಳನೀರಿನ ಗಾಡಿಯ ಆಚೆ ನೆರಳಿದ್ದ ಕಡೆ ನಿಲ್ಲಿಸಿದಳು. ಇಳಿಯಲಿಲ್ಲ. ಕಣ್ಣು ರಸ್ತೆಯ ಮೇಲೇ ಇತ್ತು. ಇಳಿದು ಬರುವ ಪ್ರತಿ ತಲೆಯೂ ಅವನದೇ ಅನ್ನಿಸಿ, ಅಲ್ಲವೆಂದಾಗ ಅದರ ಹಿಂದಿನದನ್ನು ಹುಡುಕುತ್ತಿದ್ದಳು. ಬಸ್ಸು ಹತ್ತಿ ಎಲ್ಲಿಗಾದರೂ ಹೋಗಿಬಿಟ್ಟರೆ? ಸಂಜಯ್‌ನ ಮನೆಗೆ ಹೋಗಿ ಕೂತರೆ? ಇಲ್ಲ, ಬಂದು, ಏನೂ ಆಗಿಲ್ಲವೆಂಬಂತೆ ನಕ್ಕು, ಮತ್ತೆ ಅವಳಿಗೆ ಏನಾದರೂ ಕೊಡಿಸಿದರೆ? ಅದೇ ಎಲ್ಲಕ್ಕಿಂತ ಕೆಟ್ಟದ್ದೆನಿಸಿತು. ಬಿಸಿಲು ಹಳದಿಯಾಗಿ ಮರಗಳ ಬುಡಕ್ಕೆ ಇಳಿಯಿತು. ಅವನು ಬಂದ. ಬಂದದ್ದು ನೋಡಿದಳು, ಈ ಸಲ ಒಳಗೆ ಕುಸಿಯಲಿಲ್ಲ, ಕುಣಿಯಲೂ ಇಲ್ಲ. ಬಂದರಲ್ಲ ಎಂದಷ್ಟೇ ಅನ್ನಿಸಿತು. ಅವನು ಎಡಬದಿಯ ಬಾಗಿಲು ತೆರೆದು ಹತ್ತಿ ಕೂತ. ಎಲ್ಲೋ ನಲ್ಲಿಯಲ್ಲಿ ಮುಖ ತೊಳೆದಿದ್ದ, ಕಾಲರು ಒದ್ದೆಯಾಗಿತ್ತು. ಕಣ್ಣು ಕೆಂಪಗಾಗಿತ್ತು. ಅವಳು ಕೀಲಿಗೆ ಕೈಹಾಕಿ ತಿರುಗಿಸದೆ ಕಾದಳು.

"ಅಷ್ಟು ಹೊತ್ತು ಏನು ಮಾಡ್ತಿದ್ದೆ ಅಲ್ಲಿ?" ಎಂದ ಅಭಿರಾಮ.

ಕೊಂಕಿಲ್ಲದ ಪ್ರಶ್ನೆ. ಅವಳು ಅವನ ದನಿಯನ್ನು ಕಿವಿಯಲ್ಲಿ ಮತ್ತೊಮ್ಮೆ ಕೇಳಿಸಿಕೊಂಡಳು, ಎಲ್ಲಾದರೂ ಅಡಗಿದೆಯೇ ಎಂದು. ಇರಲಿಲ್ಲ. ಅವನಿಗೆ ಗೊತ್ತಿರಲಿಲ್ಲ, ಅದಕ್ಕೇ ಕೇಳುತ್ತಿದ್ದ. ಈ ಮೂರು ವಾರಗಳಲ್ಲಿ ಅವಳನ್ನು ಹೀಗೆ ಕೇಳಿದ ಮೊದಲನೆಯವನು ಅವನು.

"ಹಿನ್ನೀರು ಇಳಿದಿತ್ತಲ್ಲ," ಎಂದಳು, ಪದಗಳಿಗಾಗಿ ತಡವರಿಸುತ್ತ. "ಅಲ್ಲೊಂದು ಮನೆ ಇತ್ತು. ಮನೆ ಅಂದ್ರೆ ಹೊಸಿಲು ಮಾತ್ರ. ಡ್ಯಾಮು ಕಟ್ಟಿದಾಗ ಮುಳುಗಿದ್ದಿರ್ಬೇಕು. ಗೋಡೆ ಇಲ್ಲ, ಏನಿಲ್ಲ, ಕಲ್ಲಿನ ಹೊಸಿಲೊಂದು ಮರಳಲ್ಲಿ ಹಾಗೇ ಕೂತಿತ್ತು. ನಾನು ಅದನ್ನ ದಾಟಿ ಒಳಗೆ ಹೋದೆ."

"ಒಳಗೆ?"

"ಹೂಂ. ಒಳಗೆ."

ಅವನು ಸೀಟಿನಲ್ಲಿ ಅವಳ ಕಡೆಗೆ ತಿರುಗಿ ಕೂತ. "ಹೇಳು" ಎಂದ.